ಹನ್ನೊಂದು ಕೆಜಿ ಚಿನ್ನ

ನೀರಿನ ಮೀಟರು ಓದುವ ಕೆಲಸದಿಂದ ನಿವೃತ್ತನಾದವನಿಗೆ ಈ ಲೋಕದಲ್ಲಿ ಓದುವುದಕ್ಕೆ ಬೇರೇನೂ ಉಳಿದಿರುವುದಿಲ್ಲ. ಪೇಪರಿನ ಸುದ್ದಿಯನ್ನು ಮನೆಯವರೆಲ್ಲ ಹಿಂದಿನ ದಿನವೇ ಫೋನಿನಲ್ಲಿ ನೋಡಿ ಮುಗಿಸಿರುತ್ತಾರೆ. ಹೆಂಡತಿಯ ಮುಖವನ್ನಾದರೂ ಓದೋಣವೆಂದರೆ, ಅಲ್ಲಿ ಬರೆದಿರುವುದು ಬಹುಪಾಲು ತನ್ನ ಬಗ್ಗೆಯೇ ಆಗಿರುವುದರಿಂದ ಧೈರ್ಯ ಸಾಲುವುದಿಲ್ಲ. ನಮ್ಮ ಕಥೆಯ ಮಹಾಶಯ ತನ್ನ ಆಯುಸ್ಸಿನ ಮುಕ್ಕಾಲು ಪಾಲನ್ನು ಊರವರ ಮೆಟ್ಟಿಲ ಕೆಳಗೆ, ನೆಲಮಾಳಿಗೆಯಲ್ಲಿ, ಬಚ್ಚಲಮನೆಯ ಹಿಂದೆ ಬಗ್ಗಿ ಕಳೆದವನು. ಇಲಾಖೆ ಅವನನ್ನು ಬಿಟ್ಟರೂ ಅವನ ಸೊಂಟ ಬಗ್ಗುವುದನ್ನು ಬಿಡಲಿಲ್ಲ. ಬಗ್ಗಿದ ಸೊಂಟಕ್ಕೆ ಒಪ್ಪುವ ಹವ್ಯಾಸ ಯಾವುದಿದ್ದೀತು ಎಂದು ಯೋಚಿಸುತ್ತಿರುವಾಗ ಹಳೆ ಸಾಮಾನಿನ ಅಂಗಡಿಯಲ್ಲಿ ಆ ಯಂತ್ರ ಅವನ ಕಣ್ಣಿಗೆ ಬಿತ್ತು.

ಉದ್ದನೆಯ ಕೋಲು, ಕೋಲಿನ ತುದಿಗೆ ಒಂದು ತಟ್ಟೆ, ಹಿಡಿಯ ಹತ್ತಿರ ಒಂದು ಡಬ್ಬಿ, ಡಬ್ಬಿಯಿಂದ ಕಿವಿಗೆ ಒಂದು ವೈರು. ನೆಲದಡಿ ಲೋಹವಿದ್ದರೆ ಅದು ಕಿವಿಯಲ್ಲಿ ಕುಂಯ್ ಎನ್ನುತ್ತದೆ. ನೀರಾಟಕ್ಕೆ ಬಂದವರ ಬೆರಳಿನಿಂದ ಜಾರಿದ ಉಂಗುರ, ಕುತ್ತಿಗೆಯಿಂದ ಕಳಚಿದ ಸರ, ಕಿವಿಯಿಂದ ಬಿದ್ದ ಓಲೆ, ಎಲ್ಲವೂ ಸಮುದ್ರದ ದಡದಲ್ಲಿ ಮರಳಿನ ಕೆಳಗೆ ಸುಮ್ಮನೆ ಮಲಗಿವೆ, ಹೋಗಿ ಎತ್ತಿಕೊಳ್ಳುವುದೊಂದೇ ಬಾಕಿ ಎಂದು ಅಂಗಡಿಯವನು ಹೇಳಿದ. ಹಾಗಾದರೆ ಅಂಗಡಿಯವನೇ ಯಾಕೆ ಹೋಗಿ ಎತ್ತಿಕೊಳ್ಳಲಿಲ್ಲ ಎಂಬ ಪ್ರಶ್ನೆ, ಯಂತ್ರ ಮನೆಗೆ ಬಂದು ಹೆಂಡತಿ ಅದನ್ನು ಕೇಳುವವರೆಗೆ, ಇವನಿಗೆ ಹೊಳೆದಿರಲಿಲ್ಲ.

ದಡದ ಚಹಾ ಅಂಗಡಿಯವನು ಒಂದೇ ವಾರದಲ್ಲಿ ಅವನಿಗೆ ಕುಂಯ್ಯಪ್ಪ ಎಂದು ಹೆಸರಿಟ್ಟ. ಹೆಸರು ಎಷ್ಟು ಚೆನ್ನಾಗಿ ಅಂಟಿತೆಂದರೆ ಹೆತ್ತವರು ಇಟ್ಟದ್ದು ಏನೆಂದು ಈಗ ಪಿಂಚಣಿ ಕಚೇರಿಗೆ ಮಾತ್ರ ಗೊತ್ತು. ಆದರೆ ಕುಂಯ್ಯಪ್ಪನನ್ನು ದುರಾಸೆಯ ಮನುಷ್ಯ ಎಂದುಕೊಳ್ಳಬಾರದು. ಅವನ ಆಸೆ ಬೇರೆಯೇ ಇತ್ತು. ಅಷ್ಟು ವರ್ಷ ಮನೆ ಮನೆಗೆ ಹೋಗಿದ್ದರೂ ಯಾರೊಬ್ಬರೂ ಅವನನ್ನು ನೋಡಿ ಸಂತೋಷಪಟ್ಟಿರಲಿಲ್ಲ. ಮೀಟರಿನವನು ಬಂದ ಎಂದರೆ ಬಾಗಿಲು ಹಾಕಿಕೊಳ್ಳುವವರೇ ಎಲ್ಲ. ಸಾಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ಯಾರಾದರೂ ಅವನ ಕೈ ಹಿಡಿದು ‘ನಿಮ್ಮಿಂದಾಗಿ ಸಿಕ್ಕಿತಪ್ಪಾ’ ಅನ್ನಬೇಕು. ಇಷ್ಟೇ ಅವನಿಗೆ ಬೇಕಾಗಿದ್ದದ್ದು. ಅದಕ್ಕಾಗಿ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ ಬೆನ್ನಿಗೆ ಕಟ್ಟಿಕೊಂಡು ತಿರುಗತೊಡಗಿದ. ‘ಕಳೆದುಹೋದ ಚಿನ್ನದ ಆಭರಣಗಳನ್ನು ಹುಡುಕಿಕೊಡಲಾಗುವುದು’ ಎಂದು ಬರೆಯಬೇಕೆಂದಿತ್ತು. ರಟ್ಟು ಸಾಲಲಿಲ್ಲ. ಬರೆಯುವವನು ಆಭರಣವನ್ನು ಕೈಬಿಟ್ಟು ‘ಕಳೆದುಹೋದ ಚಿನ್ನ ಹುಡುಕಿಕೊಡಲಾಗುವುದು’ ಎಂದು ಮುಗಿಸಿದ. ಆ ರಟ್ಟು ಇನ್ನೊಂದು ಗೇಣು ಉದ್ದವಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಊರಿಗೆ ಊರೇ ತಲೆ ತಗ್ಗಿಸುವ ಪ್ರಸಂಗವೂ ಬರುತ್ತಿರಲಿಲ್ಲ.

ಮಳೆಗಾಲ ಮುಗಿದೂ ಮುಗಿಯದಂಥ ದಿನಗಳವು. ಪ್ರವಾಸಿಗಳಿಲ್ಲ. ಐಸ್‌ಕ್ರೀಮ್ ಅಂಗಡಿಗೆ ಹಲಗೆ ಹೊಡೆದಿತ್ತು. ಸಮುದ್ರ ಬೂದಿ ಬಣ್ಣಕ್ಕೆ ತಿರುಗಿ, ಕೊಳೆತ ಪಾಚಿಯ ವಾಸನೆ ದಡದ ತುಂಬ ಹಿಡಿದಿತ್ತು. ಇಂಥದರಲ್ಲಿ ದಡಕ್ಕೆ ತಪ್ಪದೆ ಬರುತ್ತಿದ್ದವರು ಇಬ್ಬರೇ. ಒಬ್ಬ ಕುಂಯ್ಯಪ್ಪ. ಇನ್ನೊಬ್ಬರು, ಮುಚ್ಚಿದ ಐಸ್‌ಕ್ರೀಮ್ ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಒಂಟಿಯಾಗಿದ್ದ, ಊರಿಗೆ ಹೊಸಬರಾದ ಮುದುಕಿ. ಮಳೆಯಿರಲಿ ಇಲ್ಲದಿರಲಿ ಕಪ್ಪು ಕೊಡೆ ಬಿಚ್ಚಿಕೊಂಡು, ಕಲ್ಲುಬೆಂಚಿನ ಮೇಲೆ ಕೂತು ನೀರನ್ನೇ ನೋಡುತ್ತಿರುತ್ತಿದ್ದರು. ಚಹಾ ಅಂಗಡಿಯವನು ಅವರಿಗೆ ಕೊಡೆಯಮ್ಮ ಎಂದು ಹೆಸರಿಟ್ಟಿದ್ದ. ಅವನಿಗೆ ಅದೊಂದು ಚಟ.

ಒಂದು ಮಧ್ಯಾಹ್ನ ಕೊಡೆಯಮ್ಮ ಬೆಂಚಿನಿಂದೆದ್ದು ಅವನ ಹಿಂದೆ ಬಂದು ನಿಂತರು.

“ಏನಪ್ಪಾ, ನಿಮ್ಮ ಬೆನ್ನ ಮೇಲೆ ಬರೆದಿರೋದು ನಿಜಾನಾ?”

ಏನು ಬರೆದಿದೆ ಎಂಬುದು ಕುಂಯ್ಯಪ್ಪನಿಗೆ ಮರೆತುಹೋಗಿತ್ತು. ನೋಡಿಕೊಳ್ಳಲು ಹಿಂದೆ ತಿರುಗಿದ. ಬೆನ್ನೂ ಜೊತೆಗೇ ತಿರುಗಿದ್ದರಿಂದ ಒಂದು ಪೂರ್ತಿ ಸುತ್ತು ಹಾಕಿ ಮತ್ತೆ ಅವರೆದುರಿಗೇ ಬಂದು ನಿಂತ.

“ಹಾಂ, ಅದಾ! ನಿಜ ಅಮ್ಮಾ. ಹುಡುಕಿಕೊಡ್ತೀನಿ.”

“ಸಿಗುತ್ತಾ?”

“ಹುಡುಕಿದ್ರೆ ಸಿಗದೇ ಎಲ್ಲಿಗೆ ಹೋಗುತ್ತೆ?” ಎಂದ, ಅಲ್ಲಿಯವರೆಗೆ ಸೋಡಾ ಬಾಟಲಿಯ ಮುಚ್ಚಳ ಬಿಟ್ಟು ಬೇರೇನೂ ಸಿಕ್ಕಿರದ ಕುಂಯ್ಯಪ್ಪ.

ಮುದುಕಿ ನೀರಿನ ಕಡೆ ತಿರುಗಿದರು. “ನನ್ನ ಚಿನ್ನಾನೂ ಇಲ್ಲೇ ಹೋಗಿದ್ದು,” ಎಂದರು.

ಕುಂಯ್ಯಪ್ಪನ ಮೈ ಜುಂ ಎಂದಿತು. ಇಷ್ಟು ದಿನಕ್ಕೆ ಮೊದಲನೆಯ ಗಿರಾಕಿ! ಗಂಭೀರವಾಗಿ ಗಂಟಲು ಸರಿಮಾಡಿಕೊಂಡ. ಒಂದು ಕಿವಿಯಲ್ಲಿ ಯಂತ್ರದ ವೈರು ಹಾಗೇ ಇತ್ತು. ಅದನ್ನು ತೆಗೆಯಬೇಕೆಂದು ತೋಚಲಿಲ್ಲ.

“ಯಾವಾಗ ಹೋಯ್ತು ಅಮ್ಮಾ?”

“ಬಹಳ ವರ್ಷ ಆಯ್ತಪ್ಪಾ. ನಾನಾಗ ಸಣ್ಣ ವಯಸ್ಸಿನವಳು. ಎತ್ಕೊಂಡೇ ಇದ್ದೆ. ಒಂದು ಗಳಿಗೆ ಕೆಳಗೆ ಇಳಿಸಿದ್ದೇ ತಪ್ಪಾಯ್ತು. ಅಲೆ ಬಂತು. ಹಿಡ್ಕೊಳ್ಳೋಕೆ ಹೋದೆ, ಕೈಯಿಂದ ಜಾರಿಹೋಯ್ತು.”

“ಅಪ್ಪಟ ಚಿನ್ನಾನಾ?”

“ಅಪ್ಪಟ ಚಿನ್ನ,” ಎಂದರು ಮುದುಕಿ. ಸೆರಗಿನಿಂದ ಕಣ್ಣೊರೆಸಿಕೊಂಡರು.

“ತೂಕ ಎಷ್ಟಿತ್ತು?”

ಅವರು ಅವನ ಮುಖವನ್ನೇ ನೋಡಿದರು. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಇದನ್ನು ಕೇಳಿರಲಿಲ್ಲ. “ಆ ವಾರ ತಾನೇ ತೂಕ ಹಾಕಿಸಿದ್ದೆ. ಹನ್ನೊಂದು ಕೆಜಿ. ಕಡಿಮೆ ಆಯ್ತು ಅಂತ ಡಾಕ್ಟರು ಬೈದಿದ್ರು.”

ಸರಿಯಾಗಿ ಡಾಕ್ಟರು ಎಂಬಲ್ಲಿಗೆ, ಮರಳಿನಡಿಯ ಯಾವುದೋ ಮುಚ್ಚಳಕ್ಕೆ, ಯಂತ್ರ ಕುಂಯ್ ಎಂದಿತು. ಹನ್ನೊಂದು ಕೆಜಿ ಎಂಬುದು ಮಾತ್ರ ಕುಂಯ್ಯಪ್ಪನ ಕಿವಿಗೆ ಕಾದ ಸೀಸದ ಹಾಗೆ ಇಳಿಯಿತು. ಅವನು ಬಿದ್ದುಹೋಗದಂತೆ ಕೋಲನ್ನು ಊರಿಕೊಂಡ.

“ಗುರುತು ಏನಾದ್ರೂ?”

“ಬೆನ್ನ ಮೇಲೆ ಒಂದು ಮಚ್ಚೆ ಇತ್ತು.”

ಯಂತ್ರ ಇನ್ನೂ ಅದೇ ಮುಚ್ಚಳದ ಮೇಲೆ ಕುಂಯ್ ಎನ್ನುತ್ತಿತ್ತು. ಹಿಂದುಗಡೆ ಅಚ್ಚು ಇತ್ತು ಎಂದು ಅವನಿಗೆ ಕೇಳಿಸಿತು.

ಓದುವವರಿಗೆ ವಿಷಯ ಆಗಲೇ ತಿಳಿದಿದೆ. ತಿಳಿಯದವರಿಗೆ ಬಿಡಿಸಿ ಹೇಳಿಬಿಡುತ್ತೇನೆ, ಇದರಲ್ಲಿ ಗುಟ್ಟು ಮಾಡಿ ಸುಖಪಡುವಂಥದ್ದೇನೂ ಇಲ್ಲ. ಆ ತಾಯಿ ಹೇಳಿದ್ದು ತನ್ನ ಮಗುವಿನ ವಿಷಯ. ಎರಡು ತುಂಬದ ಗಂಡುಮಗು. ನಮ್ಮ ಭಾಷೆಯೋ, ಮಗುವಿಗೂ ‘ಬಂತು, ಹೋಯ್ತು’ ಅನ್ನುತ್ತದೆ, ಬಂಗಾರಕ್ಕೂ ‘ಬಂತು, ಹೋಯ್ತು’ ಅನ್ನುತ್ತದೆ. ಮುದ್ದು ಬಂದರೆ ಮಗುವನ್ನೂ ಚಿನ್ನ ಅನ್ನುತ್ತದೆ. ಬುದ್ಧಿವಂತನಾದರೆ ಎದುರಿನವರ ಕಣ್ಣು ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ಕುಂಯ್ಯಪ್ಪ ನೆಲ ನೋಡುತ್ತಿದ್ದ.

ಮನೆಗೆ ಬಂದವನು ಕಾಲಿನ ಮರಳನ್ನೂ ಕೊಡವಲಿಲ್ಲ. ಅಡುಗೆಮನೆಯಲ್ಲಿ ಹೆಂಡತಿ ಸಕ್ಕರೆ ಡಬ್ಬ ತೆರೆದು ನಿಂತಿದ್ದಳು. ಅದರಲ್ಲಿ ಇವನ ಮುಚ್ಚಳಗಳ ಸಂಗ್ರಹ ಸೇರಿಕೊಂಡಿದ್ದರಿಂದ ಅವಳ ಮುಖ ಆಗಲೇ ಕೆಂಪಾಗಿತ್ತು.

“ಹನ್ನೊಂದು ಕೆಜಿ ಚಿನ್ನ ಕಣೇ!”

“ಅಕ್ಕಿ ಇರಬೇಕು. ಸರಿಯಾಗಿ ಕೇಳಿಸ್ಕೊಳ್ಳಿ,” ಎಂದಳು ಅವಳು ತಿರುಗಿಯೂ ನೋಡದೆ.

“ಅಪ್ಪಟ ಚಿನ್ನ. ಅಚ್ಚು ಬೇರೆ ಹೊಡೆದಿತ್ತಂತೆ.”

ಆಗ ತಿರುಗಿದಳು. ಮದುವೆಯಾದಾಗಿನಿಂದ ಹೆಂಡತಿ ತನ್ನ ಮಾತಿಗೆ ಇಷ್ಟು ಬೇಗ ತಿರುಗಿದ್ದು ಕುಂಯ್ಯಪ್ಪನಿಗೆ ನೆನಪಿರಲಿಲ್ಲ. ಅವಳು ಕುರ್ಚಿ ಎಳೆದುಕೊಟ್ಟಳು. ಕಾಫಿ ಮಾಡಿದಳು. ಸಕ್ಕರೆಯ ಬದಲು ಮುಚ್ಚಳ ಬೀಳದಂತೆ ನೋಡಿಕೊಂಡಳು. ಆಮೇಲೆ ತಮ್ಮನಿಗೆ ಫೋನು ಮಾಡಿದಳು. ಕಥೆ ಕೆಟ್ಟದ್ದು ಅಲ್ಲಿಂದ.

ಈ ಭಾವಮೈದ ವಿಮೆ ಮಾಡಿಸುವವನು. ಲೋಕದಲ್ಲಿ ತನಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ಅದು ಸುಳ್ಳು ಎಂಬ ನಂಬಿಕೆಯವನು. ಬಂದವನೇ ಬಾಗಿಲು ಹಾಕಿ, ಕಿಟಕಿ ಹಾಕಿ, ಬಚ್ಚಲಿನ ನಲ್ಲಿ ಬಿಟ್ಟು ಬಂದು ಕೂತ. ಹೊರಗಿನವರಿಗೆ ಮಾತು ಕೇಳಿಸಬಾರದಂತೆ.

“ಭಾವ, ಹನ್ನೊಂದು ಕೆಜಿ ಅಂದ್ರೆ ಬಳೆ ಅಲ್ಲ. ಗಟ್ಟಿ. ಗಟ್ಟಿ ಅಂದ್ರೆ ಇಟ್ಟಿಗೆ. ಇಟ್ಟಿಗೆ ಅಂದ್ರೆ ಹಡಗು.”

“ಹಡಗಾ?”

“ಅಲ್ಲದೆ ಮತ್ತೇನು! ಒಬ್ಬ ಹೆಂಗಸು ಇಟ್ಟಿಗೆ ಎತ್ಕೊಂಡು ಸಮುದ್ರದ ದಡದಲ್ಲಿ ಯಾಕೆ ನಿಂತಿರ್ತಾಳೆ? ಹಡಗಿಗೆ ಕಾಯ್ತಾ ಇದ್ಲು. ಕಳ್ಳಸಾಗಣೆ. ಈಗ ವಯಸ್ಸಾಯ್ತು, ಹಳೇ ಸರಕು ಹುಡ್ಕೊಂಡು ಬಂದಿದ್ದಾಳೆ. ನಿಮಗೆ ಒಂದಿಷ್ಟೂ ಹೊಳೀಲಿಲ್ವಾ?”

ಕುಂಯ್ಯಪ್ಪನಿಗೆ ಹೊಳೆದಿರಲಿಲ್ಲ. “ಪಾಪ, ಆಯಮ್ಮನ ಕಣ್ಣಲ್ಲಿ ನೀರಿತ್ತು ಕಣೋ,” ಎಂದ.

“ಹನ್ನೊಂದು ಕೆಜಿ ಹೋದ್ರೆ ನನ್ನ ಕಣ್ಣಲ್ಲಿ ರಕ್ತ ಬರ್ತಿತ್ತು ಭಾವ!”

ವಿಷಯ ಈ ಮೂರು ಜನರನ್ನು ಬಿಟ್ಟು ಹೊರಗೆ ಹೋಗಕೂಡದೆಂದು ಆಣೆ ಪ್ರಮಾಣಗಳಾದವು. ಭಾವಮೈದ ಗುದ್ದಲಿ ಕೇಳುವ ನೆಪದಲ್ಲಿ ಚಹಾ ಅಂಗಡಿಯವನಿಗೆ ಮಾತ್ರ ಹೇಳಿದ. ಹೆಂಡತಿ ಎದುರುಮನೆಯ ಮೇಷ್ಟ್ರ ಹೆಂಡತಿಗೆ ಮಾತ್ರ, ಅದೂ ಯಾರಿಗೂ ಹೇಳಬೇಡಿ ಎಂದು ಹೇಳಿಯೇ ಹೇಳಿದಳು. ಸುದ್ದಿಗೆ ರೆಕ್ಕೆಪುಕ್ಕ ಬಂತು. ಸಂಜೆಯ ಹೊತ್ತಿಗೆ ಹನ್ನೊಂದು ಕೆಜಿ ಒಂದು ಪೆಟ್ಟಿಗೆಯಾಗಿ, ಪೆಟ್ಟಿಗೆ ಎರಡಾಗಿ, ಎರಡನೆಯದರಲ್ಲಿ ಕಿರೀಟವಿರುವುದಾಗಿ ಬೇಕರಿಯವನು ಎಲ್ಲರಿಗೂ ಹೇಳುತ್ತಿದ್ದ. ಕಬ್ಬಿಣದ ಅಂಗಡಿಯಲ್ಲಿ ಗುದ್ದಲಿ, ಸಲಿಕೆ, ಜರಡಿ ಮುಗಿದುಹೋದವು. ತಡವಾಗಿ ಬಂದವರು ಹಿಟ್ಟು ಜರಡಿ ಹಿಡಿಯುವ ಜರಡಿಯನ್ನೇ ಮನೆಯಿಂದ ಹೊತ್ತು ತಂದರು. ಎದುರುಮನೆ ಮೇಷ್ಟ್ರಿಗಂತೂ ತಮ್ಮ ಅತ್ತೆ ಹಿಂದೊಮ್ಮೆ ಇದೇ ದಡದಲ್ಲಿ ಏನನ್ನೋ ಕಳೆದುಕೊಂಡದ್ದು ಇದ್ದಕ್ಕಿದ್ದ ಹಾಗೆ ನೆನಪಾಯಿತು. ಬದುಕಿದ್ದಾಗ ಅತ್ತೆಯ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ ಮನುಷ್ಯ, ಈಗ ಅವರನ್ನು ನೆನೆದು ಬೀದಿಯಲ್ಲೇ ಕಣ್ಣೊರೆಸಿಕೊಂಡ.

ಮರುದಿನ ಕುಂಯ್ಯಪ್ಪನಿಗೆ ಪೊಲೀಸ್ ಠಾಣೆಯಿಂದ ಕರೆ ಬಂತು. ಅಲ್ಲಿ ಇನ್‌ಸ್ಪೆಕ್ಟರ್ ಜೊತೆಗೆ ದಡದ ಉಸ್ತುವಾರಿ ಸಾಹೇಬರೂ ಕೂತಿದ್ದರು.

“ಮರಳಿನ ಮೇಲೆ ಇರೋದು ಜನರದ್ದು,” ಎಂದರು ಸಾಹೇಬರು. “ಮರಳಿನ ಕೆಳಗೆ ಇರೋದು ಇಲಾಖೆಯದ್ದು. ಗೊತ್ತಿರಲಿ.”

“ಮರಳಿನ ಮಧ್ಯದಲ್ಲಿ ಇರೋದು ಸಾರ್?” ಎಂದ ಕುಂಯ್ಯಪ್ಪ ನಿಜವಾದ ಅನುಮಾನದಿಂದ.

ಸಾಹೇಬರು ಈ ಬಗ್ಗೆ ಮೇಲಧಿಕಾರಿಗಳನ್ನು ಕೇಳಬೇಕಾಗುತ್ತದೆ ಎಂದು ಬರೆದುಕೊಳ್ಳುವಂತೆ ಗುಮಾಸ್ತನಿಗೆ ಸನ್ನೆ ಮಾಡಿದರು.

“ಹನ್ನೊಂದು ಕೆಜಿ ಹೋಗಿದೆ ಅಂತ ನಮ್ಮಲ್ಲಿ ದೂರೇ ಇಲ್ಲ,” ಎಂದ ಇನ್‌ಸ್ಪೆಕ್ಟರ್. “ಚಿನ್ನ ಕಳ್ಕೊಂಡು ದೂರು ಕೊಡದವರು ಯಾರ್ರೀ ಇದ್ದಾರೆ? ಅಂದ್ರೆ ಇದರಲ್ಲಿ ಏನೋ ಇದೆ.”

“ಆಯಮ್ಮನೇ ಹೇಳಿದ್ರು, ಆವತ್ತು ಪೊಲೀಸರು ಬಂದಿದ್ರಂತೆ ಸಾರ್. ಅರ್ಧ ದಿನ ಹುಡುಕಿ, ಕತ್ತಲಾಯ್ತು ಅಂತ ಹೋದ್ರಂತೆ.”

“ಹನ್ನೊಂದು ಕೆಜಿ ಚಿನ್ನ ಬಿಟ್ಟು? ಪೊಲೀಸರು? ಕತ್ತಲಾಯ್ತು ಅಂತ?” ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಇಲಾಖೆಯ ಮರ್ಯಾದೆ ಇಷ್ಟು ಕೀಳಾಗಿ ಹೋಗಿದ್ದನ್ನು ಅವನು ಕೇಳಿರಲಿಲ್ಲ. ಕೊನೆಗೆ ಭಾನುವಾರ ಬೆಳಿಗ್ಗೆ ಎಲ್ಲರ ಎದುರಿಗೆ, ಇಲಾಖೆಯ ಸಮಕ್ಷಮದಲ್ಲಿ, ಅಗೆಯುವುದೆಂದು ತೀರ್ಮಾನವಾಯಿತು. ಅಷ್ಟರೊಳಗೆ ಯಾರೂ ದಡದಲ್ಲಿ ಬೆರಳಿನಿಂದಲೂ ಮರಳು ಕೆದಕುವಂತಿಲ್ಲ ಎಂದು ಹಗ್ಗ ಕಟ್ಟಿಸಿದರು.

ಕುಂಯ್ಯಪ್ಪನಿಗೆ ಮಾತ್ರ ಒಂದು ಕಸಿವಿಸಿ. ಕೊಡೆಯಮ್ಮ ಎರಡು ದಿನದಿಂದ ಬೆಂಚಿಗೆ ಬಂದಿರಲಿಲ್ಲ. ಕೊನೆಗೆ ಐಸ್‌ಕ್ರೀಮ್ ಅಂಗಡಿಯ ಹಿಂದಿನ ಕಿರಿದಾದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ. ಅವರು ಜ್ವರದಲ್ಲಿ ಮಲಗಿದ್ದರು. ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಒಂದು ಸ್ಟೂಲು, ಸಮುದ್ರದ ಕಡೆಗೆ ಒಂದು ಕಿಟಕಿ. ಕಿಟಕಿಯ ಕಟ್ಟೆಯ ಮೇಲೆ ಅಂಗೈಯಷ್ಟು ಉದ್ದದ ಒಂದು ಜೊತೆ ಬೂಟು. ಮೊಮ್ಮಕ್ಕಳು ಬಂದಾಗ ಬಿಟ್ಟುಹೋಗಿರಬೇಕು ಎಂದುಕೊಂಡ ಕುಂಯ್ಯಪ್ಪ.

“ಭಾನುವಾರ ಹುಡುಕ್ತೀವಮ್ಮಾ. ನಾನೊಬ್ಬನೇ ಅಲ್ಲ, ಊರಿಗೆ ಊರೇ ಬರುತ್ತೆ.”

ಅವರಿಗೆ ಜ್ವರದಲ್ಲಿ ಅದು ಸರಿಯಾಗಿ ತಲೆಗೆ ಹೋಯಿತೋ ಇಲ್ಲವೋ. ಅವನ ಕೈ ಹಿಡಿದುಕೊಂಡರು. “ಸಿಕ್ಕಿದ್ರೆ ನನಗೆ ಮೊದಲು ತೋರಿಸಪ್ಪಾ.”

“ನಿಮಗೇ ಅಮ್ಮಾ. ನನಗೆ ಏನೂ ಬೇಡ.” ತಾನು ಇಷ್ಟು ದೊಡ್ಡ ಮನುಷ್ಯ ಎಂದು ಅವನಿಗೇ ಗೊತ್ತಿರಲಿಲ್ಲ. “ಸಿಕ್ಕಿದ ಮೇಲೆ ಏನು ಮಾಡ್ತೀರಮ್ಮಾ?”

“ಮಣ್ಣು ಮಾಡ್ತೀನಪ್ಪಾ. ನನ್ನ ಕೈಯಾರೆ. ನಾನು ಹೋಗೋದ್ರೊಳಗೆ ಅದೊಂದು ಆಗಬೇಕು. ಅದಕ್ಕೇ ಇಲ್ಲಿಗೆ ಬಂದಿರೋದು.”

ಹೊರಗೆ ತೆಗೆದದ್ದನ್ನು ಮತ್ತೆ ಹೂಳುವುದೇ? ಬ್ಯಾಂಕಿನ ಮೇಲೆ ನಂಬಿಕೆ ಇಲ್ಲದ ಹಳೆ ಕಾಲದವರು, ಎಂದುಕೊಂಡು ಕುಂಯ್ಯಪ್ಪ ಮೆಟ್ಟಿಲಿಳಿದ. ಹೀಗೂ ಒಬ್ಬ ಮನುಷ್ಯ ಇರುತ್ತಾನೆಯೇ ಎಂದು ಕೇಳಬೇಡಿ. ಬೇಕಾದದ್ದನ್ನೇ ಕೇಳಿಸಿಕೊಳ್ಳುವ ಕಿವಿ ನಮ್ಮೆಲ್ಲರಿಗೂ ಇದೆ. ಅವನದಕ್ಕೆ ವೈರು ಇತ್ತು, ಅಷ್ಟೇ.

ಭಾನುವಾರ ಮೋಡ ದಡಕ್ಕೇ ತಗಲುವಷ್ಟು ಕೆಳಗಿಳಿದಿತ್ತು. ಆದರೂ ಮದುವೆ ಮನೆಗೆ ನುಗ್ಗಿದ ಹಾಗೆ ಜನ ನುಗ್ಗಿದರು. ಸಾಹೇಬರು ಹಗ್ಗ ಬಿಚ್ಚಿಸಿ, ಕುರ್ಚಿ ಹಾಕಿಸಿಕೊಂಡು ಕೂತರು. ಭಾವಮೈದ ಕತ್ತಿಗೊಂದು ಸೀಟಿ ನೇತುಹಾಕಿಕೊಂಡು ತಾನೇ ಮೇಲ್ವಿಚಾರಕನಾದ. ಎಲ್ಲರೂ ಕುಂಯ್ಯಪ್ಪನ ಯಂತ್ರದ ಹಿಂದೆ. ಅವನು ಎಡಕ್ಕೆ ಹೋದರೆ ಊರು ಎಡಕ್ಕೆ, ಬಲಕ್ಕೆ ಹೋದರೆ ಊರು ಬಲಕ್ಕೆ. ಜೀವಮಾನದಲ್ಲಿ ಇಷ್ಟು ಜನ ತನ್ನ ಮಾತಿಗೆ ಕಾದದ್ದಿಲ್ಲ ಎಂದು ಅವನ ಸೊಂಟವೂ ಸ್ವಲ್ಪ ನೆಟ್ಟಗಾಯಿತು.

ಮೊದಲನೆಯ ಕುಂಯ್‌ಗೆ ಒಂದು ಚಮಚ ಸಿಕ್ಕಿತು. ಎರಡನೆಯದಕ್ಕೆ ಬಾಗಿಲಿನ ಕೀಲು. ಮೂರನೆಯದಕ್ಕೆ ಜನ ತಾಳ್ಮೆ ಕಳೆದುಕೊಂಡು ಯಂತ್ರವನ್ನು ಬಿಟ್ಟು ತಮತಮಗೆ ತೋಚಿದಲ್ಲಿ ಅಗೆಯತೊಡಗಿದರು. ಮೇಷ್ಟ್ರ ಗುಂಡಿಗೂ ಬೇಕರಿಯವನ ಗುಂಡಿಗೂ ನಡುವಿನ ಗೋಡೆ ಕುಸಿದು ಇಬ್ಬರೂ ಒಂದೇ ಗುಂಡಿಯಲ್ಲಿ ಎದುರುಬದುರಾದರು.

“ಇದು ನನ್ನ ಗುಂಡಿ!”

“ನಿಮ್ಮ ಗುಂಡಿ ಅನ್ನೋದಕ್ಕೆ ಏನು ಮೇಷ್ಟ್ರೇ ಸಾಕ್ಷಿ? ಹೆಸರು ಬರೆದಿದೆಯಾ?”

“ನನ್ನ ಅತ್ತೆ ಕಳ್ಕೊಂಡ ಜಾಗ ಕಣಯ್ಯಾ ಇದು!”

“ಅತ್ತೇನೇ ಕಳ್ಕೊಂಡ್ರಲ್ಲ, ಆಗ ಬಂದು ಅಗೆದ್ರಾ?”

ಮಾತು ಬೆಳೆದು ಇಬ್ಬರೂ ಒಬ್ಬರ ಜರಡಿ ಒಬ್ಬರು ಕಿತ್ತುಕೊಂಡರು. ಇನ್‌ಸ್ಪೆಕ್ಟರ್ ಬಿಡಿಸಲು ಹೋಗಿ ಗುಂಡಿಗೆ ಬಿದ್ದ. ಸಾಹೇಬರು ಕುರ್ಚಿಯಿಂದೇಳದೆಯೇ ಗುಂಡಿ ಇಲಾಖೆಯದ್ದೆಂದು ಘೋಷಿಸಿದರು. ಕುಂಯ್ಯಪ್ಪನ ಹೆಂಡತಿಯೂ ಸಲಿಕೆ ಹಿಡಿದಿದ್ದಳು. ಚಹಾ ಅಂಗಡಿಯವನು ಮೂರು ಸಲ ಹಾಲು ತರಿಸಿದ.

ಈ ಗದ್ದಲದಲ್ಲಿ ಕೊಡೆಯಮ್ಮ ಮೆಟ್ಟಿಲಿಳಿದು ಬಂದದ್ದನ್ನು ಯಾರೂ ನೋಡಲಿಲ್ಲ. ಜ್ವರ ಬಿಟ್ಟ ಮುಖ ಸುಣ್ಣದ ಹಾಗಿತ್ತು. ದಡದ ಉದ್ದಕ್ಕೂ ಅಗೆಯುತ್ತಿದ್ದ ಜನರನ್ನು ನೋಡುತ್ತ ನಿಂತರು. ಆಮೇಲೆ ಹತ್ತಿರದ ಗುಂಡಿಯ ಬಳಿ ಬಂದು, ಒಳಗಿದ್ದ ಮೇಷ್ಟ್ರನ್ನು ಕೇಳಿದರು.

“ಏನು ಹುಡುಕ್ತಾ ಇದ್ದೀರಿ?”

“ಚಿನ್ನಾನಮ್ಮಾ,” ಎಂದರು ಮೇಷ್ಟ್ರು ತಲೆಯೆತ್ತದೆ. “ಬಹಳ ವರ್ಷದ ಹಿಂದೆ ಹೋಗಿದ್ದಂತೆ. ಹನ್ನೊಂದು ಕೆಜಿ.”

ಹನ್ನೊಂದು ಕೆಜಿ. ಅವರು ಕುಂಯ್ಯಪ್ಪನಿಗಲ್ಲದೆ ಬೇರೆ ಯಾರಿಗೂ ಹೇಳಿರದ ತೂಕ. ಮುದುಕಿಯ ಕೈಯಿಂದ ಕೊಡೆ ಕೆಳಗೆ ಬಿತ್ತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಮರಳಿನ ಮೇಲೆ ಕೂತುಬಿಟ್ಟರು. ಇನ್‌ಸ್ಪೆಕ್ಟರ್ ಓಡಿಬಂದ. ಅವರು ಅವನ ಎರಡೂ ಕೈ ಹಿಡಿದುಕೊಂಡರು.

“ಆವತ್ತು ಯಾರೂ ನಿಲ್ಲಲಿಲ್ಲಪ್ಪಾ. ಕತ್ತಲಾಯ್ತು ಅಂತ ಎಲ್ಲಾ ಹೊರಟುಹೋದ್ರು. ನಾನೂ ನನ್ನ ಗಂಡ ಇಬ್ಬರೇ ಉಳಿದ್ವಿ. ಇವತ್ತು ಇಷ್ಟು ಜನ! ನನ್ನ ಚಿನ್ನಕ್ಕೋಸ್ಕರ ಇಷ್ಟು ಜನ ಬಂದ್ರಲ್ಲ!”

“ವಾರಸುದಾರರು ನೀವೇನಾ?” ಎಂದ ಇನ್‌ಸ್ಪೆಕ್ಟರ್, ಕೈ ಬಿಡಿಸಿಕೊಂಡು, ಬರೆದುಕೊಳ್ಳಲು ಪೆನ್ನು ಹುಡುಕುತ್ತ.

“ನಾನೇ ತಾಯಿ,” ಎಂದರು ಅವರು. “ಗುದ್ದಲಿ ಮೆಲ್ಲಗೆ ಹಾಕೋಕೆ ಹೇಳಿ ಅಪ್ಪಾ. ಎರಡು ವರ್ಷ ತುಂಬಿರಲಿಲ್ಲ. ಮೂಳೆ ಬಹಳ ಸಣ್ಣ.”

ಇನ್‌ಸ್ಪೆಕ್ಟರನ ಪೆನ್ನು ಸಿಕ್ಕಿತ್ತು. ಅದನ್ನು ಹಾಗೇ ಹಿಡಿದು ನಿಂತ. ಮೇಷ್ಟ್ರ ಗುದ್ದಲಿ ನಿಂತಿತು. ಅದನ್ನು ನೋಡಿ ಬೇಕರಿಯವನದು ನಿಂತಿತು. ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಪಿಸುಮಾತು ದಾಟುತ್ತ ಹೋಗಿ, ಹೋದಲ್ಲೆಲ್ಲ ಬಾಯಿಗೆ ಬೀಗ ಹಾಕಿತು. ದಡದ ತೀರಾ ಆ ತುದಿಗೆ ಅದು ತಲುಪುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಲ್ಲಿಂದ ಭಾವಮೈದನ ದನಿ ಕೇಳಿತು.

“ಏನು ಸಿಕ್ತು? ಸಿಕ್ಕಿದ್ರೆ ನನ್ನ ಪಾಲು ಮರೀಬೇಡಿ!”

ಅವನು ಸೀಟಿ ಊದಿದ. ಆಮೇಲೆ ಪಕ್ಕದವರು ಯಾರೋ ಅವನ ಕಿವಿಯಲ್ಲಿ ಹೇಳಿರಬೇಕು, ಸೀಟಿ ಅರ್ಧ ಊದಿದ್ದು ಅಲ್ಲಿಗೇ ನಿಂತಿತು.

ತಾಯಿಗೆ ಇದೊಂದೂ ತಿಳಿಯಲಿಲ್ಲ. ಅವರು ಗುಂಡಿಯಿಂದ ಗುಂಡಿಗೆ ಹೋಗಿ ಒಬ್ಬೊಬ್ಬರನ್ನೂ ಮಾತನಾಡಿಸಿದರು. ಮೇಷ್ಟ್ರ ತಲೆ ಸವರಿ, “ನಿಮ್ಮ ಮಕ್ಕಳು ತಣ್ಣಗಿರಲಿ,” ಎಂದರು. ಮೇಷ್ಟ್ರು ಗುಂಡಿಯೊಳಗೆ ಇನ್ನೂ ಆಳಕ್ಕೆ ಇಳಿಯಲು ಜಾಗ ಹುಡುಕಿದರು. ತಾಯಿ ಚಹಾ ಅಂಗಡಿಯವನಿಗೆ, ಎಲ್ಲರಿಗೂ ಚಹಾ ಕೊಡು, ನನ್ನ ಲೆಕ್ಕ, ಎಂದರು. ಚಹಾ ಎಲ್ಲರ ಕೈಯಲ್ಲೇ ಆರಿತು. ಎದ್ದು ಹೋಗುವ ಹಾಗಿಲ್ಲ, ನಿಜ ಹೇಳುವ ಹಾಗಿಲ್ಲ, ಸುಮ್ಮನೆ ನಿಲ್ಲುವ ಹಾಗೂ ಇಲ್ಲ. ಆದ್ದರಿಂದ ಊರವರು ಮತ್ತೆ ಅಗೆಯತೊಡಗಿದರು. ಈ ಸಲ ಯಾರೂ ಜಗಳವಾಡಲಿಲ್ಲ. ಗುದ್ದಲಿ ಬಿಟ್ಟು ಕೈಯಲ್ಲೇ ಮರಳು ತೆಗೆದರು. ಇಲಾಖೆಯ ಸಾಹೇಬರು ಕುರ್ಚಿಯಿಂದೆದ್ದು, ಬೂಟು ಬಿಚ್ಚಿ, ಪ್ಯಾಂಟು ಮಡಿಸಿ ಒಂದು ಗುಂಡಿಗೆ ಇಳಿದರು. ಅವರ ಕಣ್ಣು ಕೆಂಪಾಗಿತ್ತು. ಸಮುದ್ರ ಅಷ್ಟು ವರ್ಷದ ಹಿಂದೆ ಒಯ್ದದ್ದನ್ನು ದಡದಲ್ಲಿ ಇಟ್ಟಿರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನದ ಮೇಲೆ ಮಳೆ ಹನಿಯತೊಡಗಿತು. ಒಬ್ಬರಿಗೆ ಮನೆಯಲ್ಲಿ ಕೆಲಸ, ಒಬ್ಬರಿಗೆ ಬೆನ್ನುನೋವು. ತಾಯಿಯ ಕಣ್ಣು ಬೇರೆ ಕಡೆ ಇದ್ದಾಗ ಒಬ್ಬೊಬ್ಬರೇ ಕಾಲಿಗೆ ಬುದ್ಧಿ ಹೇಳಿದರು. ಬೆಳಕು ಮಂಕಾಗುವ ಹೊತ್ತಿಗೆ ದಡದಲ್ಲಿ ಉಳಿದದ್ದು ನೀರು ತುಂಬಿದ ಗುಂಡಿಗಳು, ಕುಂಯ್ಯಪ್ಪ, ಅವನ ಹೆಂಡತಿ, ಮತ್ತು ಆ ತಾಯಿ.

ಕುಂಯ್ಯಪ್ಪ ಅವರ ಮುಂದೆ ಹೋಗಿ ನಿಂತ. ಕಿವಿಯ ವೈರನ್ನು ಕಿತ್ತು ಜೇಬಿಗೆ ತುರುಕಿದ್ದ. ಇಡೀ ದಿನ ಅವನ ನಾಲಿಗೆಯ ತುದಿಯಲ್ಲಿ ಒಂದು ಮಾತು ಒದ್ದಾಡುತ್ತಿತ್ತು.

“ಅಮ್ಮಾ, ಒಂದು ಮಾತು ಹೇಳ್ಬೇಕು. ನಾನು ಆವತ್ತು ನಿಮ್ಮ ಮಾತು ಕೇಳಿದಾಗ...”

ಹೆಂಡತಿ ಅವನ ಕಾಲನ್ನು ಬಲವಾಗಿ ತುಳಿದಳು.

“ಇವರು ನಾಳೆನೂ ಬರ್ತಾರಮ್ಮಾ,” ಎಂದಳು ಅವಳು. ದನಿ ಅವಳದೇ ಅಲ್ಲವೆಂಬಷ್ಟು ಮೆತ್ತಗಿತ್ತು. “ನಾಡಿದ್ದೂ ಬರ್ತಾರೆ. ಸಿಗೋವರೆಗೂ ಬರ್ತಾರೆ. ಇವರಿಗೆ ಬೇರೆ ಕೆಲಸ ಇಲ್ಲ.”

ತಾಯಿ ಕುಂಯ್ಯಪ್ಪನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. “ನಿಮ್ಮಿಂದಾಗಿ ಇಷ್ಟಾಯ್ತಪ್ಪಾ,” ಎಂದರು. ಅವನು ಆಯುಸ್ಸೆಲ್ಲ ಕಾದಿದ್ದ ಮಾತು ಹೆಚ್ಚುಕಡಿಮೆ ಇದೇ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಸುತ್ತಲೂ ಅಷ್ಟೊಂದು ಗುಂಡಿಗಳಿದ್ದವು, ಒಂದೂ ನುಂಗಲಿಲ್ಲ.

“ಒಂದು ಹೇಳೋದು ಮರೆತಿದ್ದೆ,” ಎಂದರು ಅವರು. “ಕೈಯಲ್ಲಿ ತಗಡಿನ ಬಸ್ಸು ಹಿಡ್ಕೊಂಡಿತ್ತು. ಬಿಟ್ಟಿರಲ್ಲ. ಬಹಳ ಹಠ. ನಿಮ್ಮ ಯಂತ್ರ ತಗಡು ಹೇಳುತ್ತಲ್ಲ?”

“ಹೇಳುತ್ತಮ್ಮಾ,” ಎಂದ ಕುಂಯ್ಯಪ್ಪ. ಉಪ್ಪುನೀರಿನಲ್ಲಿ ತಗಡು ಎಷ್ಟು ದಿನ ಉಳಿಯುತ್ತದೆಂದು ಅವನಿಗೂ ಗೊತ್ತು, ಅವನ ಹೆಂಡತಿಗೂ ಗೊತ್ತು.

ಮರುದಿನ ದಡ ಖಾಲಿಯಾಗಿತ್ತು. ಅಲೆ ಅರ್ಧಕ್ಕರ್ಧ ಗುಂಡಿಗಳನ್ನು ಮುಚ್ಚಿಹಾಕಿತ್ತು. ಬೆನ್ನಿನ ರಟ್ಟನ್ನು ಕುಂಯ್ಯಪ್ಪ ಒಲೆಗೆ ಹಾಕಿ ಬಂದಿದ್ದ. ತಾಯಿ ಅವನ ಪಕ್ಕದಲ್ಲೇ ಹೆಜ್ಜೆ ಹಾಕುತ್ತ, ಕೊಡೆಯನ್ನು ಅವನ ತಲೆಯ ಮೇಲೂ ಹಿಡಿದರು. ಅವರಿಗೂ ಕೇಳಲಿ ಎಂದು ಅವನು ಡಬ್ಬಿಯಿಂದ ವೈರು ತೆಗೆದಿದ್ದ. ಯಂತ್ರ ಬಾಯಿಬಿಟ್ಟು ಕುಂಯ್ ಎಂದಿತು.

ಅವರು ಕೊಡೆ ಎಸೆದು ಮಂಡಿಯೂರಿದರು. ಅವನು ಬಗ್ಗುವ ಮೊದಲೇ ಎರಡೂ ಕೈಯಲ್ಲಿ ಮರಳು ಬಾಚತೊಡಗಿದರು. ಉಸಿರು ಏರಿತ್ತು, ಬಾಯಲ್ಲಿ ಏನೋ ಗುನುಗುತ್ತಿದ್ದರು. ಮೊಣಕೈವರೆಗೆ ಕೈ ಹೋದ ಮೇಲೆ ಒಂದು ಮುಚ್ಚಳ ಸಿಕ್ಕಿತು. ಅದನ್ನು ಅಂಗೈಯಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು.

“ಇದಲ್ಲ,” ಎಂದರು. “ಆದ್ರೆ ಬಸ್ಸಿನ ಚಕ್ರ ಇಷ್ಟೇ ಇತ್ತು.”

ಎದ್ದು ನಡೆದರು. ಇನ್ನೊಂದು ಕುಂಯ್. ಮತ್ತೆ ಅದೇ ಓಟ, ಅದೇ ಮಂಡಿ, ಅದೇ ಉಸಿರು. ಈ ಸಲ ಒಂದು ಮೊಳೆ. ಮೂರನೆಯ ಸಲ ಅವರ ಉಗುರಿನಿಂದ ರಕ್ತ ಬಂತು. ಅವರು ಅದನ್ನು ನೋಡಲೇ ಇಲ್ಲ, ಯಂತ್ರದ ತಟ್ಟೆಯನ್ನೇ ನೋಡುತ್ತಿದ್ದರು. ಕುಂಯ್ಯಪ್ಪನಿಗೆ ತಡೆಯಲಾಗಲಿಲ್ಲ. ಹಿಡಿಯ ಕೆಳಗೆ ಹೆಬ್ಬೆರಳು ಇಳಿಸಿ ಸ್ವಿಚ್ಚು ಆರಿಸಿದ. ಆರಿಸಿದ ಯಂತ್ರವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಬಹಳ ಎಚ್ಚರಿಕೆಯಿಂದ ಆಡಿಸುತ್ತ ನಡೆದ.

ತುಂಬಾ ದೂರ ಹೋದ ಮೇಲೆ ಅವರು ಕೇಳಿದರು. “ಯಾಕಪ್ಪಾ, ಸುಮ್ಮನಾಗಿಬಿಡ್ತಲ್ಲ ಇದು?”

“ಹುಡುಕ್ತಾ ಇದೆ ಅಮ್ಮಾ,” ಎಂದ ಕುಂಯ್ಯಪ್ಪ.